ಮೋಡ ಬಿತ್ತನೆ: ಪ್ರಯೋಗವೋ, ಹರಕೆಯೋ?

ಮಳೆ ಕೈಕೊಟ್ಟ ವರ್ಷ ನಮ್ಮ ರಾಜ್ಯದಲ್ಲಿ ಎರಡು ಕೆಲಸಗಳು ತಪ್ಪದೆ ನಡೆಯುತ್ತವೆ. ಹಳ್ಳಿಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ. ರಾಜಧಾನಿಯಲ್ಲಿ ಮೋಡ ಬಿತ್ತನೆಯ ಮಾತು ಏಳುತ್ತದೆ. ಮೊದಲನೆಯದು ಮೂಢನಂಬಿಕೆ, ಎರಡನೆಯದು ವಿಜ್ಞಾನ ಎಂದು ಓದುಬರಹ ಬಲ್ಲವರೆಲ್ಲ ಒಪ್ಪಿಕೊಂಡಂತಿದೆ. ನಾನು ಒಪ್ಪಲಾರೆ. ವಿಮಾನ ಹಾರಿದ ಮಾತ್ರಕ್ಕೆ ಒಂದು ಕೆಲಸ ವಿಜ್ಞಾನವಾಗುವುದಿಲ್ಲ; ರಾಡಾರು ತಿರುಗಿದ ಮಾತ್ರಕ್ಕೂ ಆಗುವುದಿಲ್ಲ. ನನ್ನ ನಂಬಿಕೆ ಸುಳ್ಳಾದರೆ ಅದು ಹೇಗೆ ಗೊತ್ತಾದೀತು ಎಂಬುದನ್ನು ಮೊದಲೇ ಬರೆದಿಟ್ಟು ಕೆಲಸಕ್ಕೆ ಇಳಿಯುವವನು ಪ್ರಯೋಗ ಮಾಡುತ್ತಾನೆ. ಮಳೆ ಬಂದರೆ ನಮ್ಮಿಂದ ಬಂತು, ಬಾರದಿದ್ದರೆ ಮೋಡವೇ ಸರಿಯಿರಲಿಲ್ಲ ಎನ್ನುವವನು ಹರಕೆ ಹೊರುತ್ತಾನೆ. ಈ ಅಳತೆಗೋಲಿನಿಂದ ನೋಡಿದರೆ ಕರ್ನಾಟಕದಲ್ಲಿ ಇದುವರೆಗೆ ಸರಕಾರದ ಖರ್ಚಿನಲ್ಲಿ ನಡೆದ ಮೋಡ ಬಿತ್ತನೆಗಳೆಲ್ಲ ಹರಕೆಗೆ ಹತ್ತಿರ, ಪ್ರಯೋಗಕ್ಕೆ ದೂರ.

ನಾನು ಕಲಬುರಗಿಯವನು. ಕಮಲಾಪುರದ ಕಡೆ ನಮ್ಮ ಮನೆತನದ ಸ್ವಲ್ಪ ಹೊಲವಿದೆ, ತೊಗರಿ ಹಾಕುತ್ತೇವೆ. ಆದುದರಿಂದ ಇದು ನನಗೆ ಬರಿಯ ಚರ್ಚೆಯ ವಿಷಯವಲ್ಲ. ನಮ್ಮ ಜಿಲ್ಲೆಗೆ ವರ್ಷಕ್ಕೆ 750 ಮಿಲಿಮೀಟರಿನ ಆಸುಪಾಸು ಮಳೆ ಬರುತ್ತದೆ. ಲೆಕ್ಕದಲ್ಲಿ ಇದು ಕಡಿಮೆಯೇನಲ್ಲ. ಆದರೆ ಅದು ಬರುವ ರೀತಿ ರೈತನನ್ನು ಹುರಿದು ಮುಕ್ಕುತ್ತದೆ. ಮಿರಗಕ್ಕೆ ಬಂದು ಬಿತ್ತನೆಗೆ ಆಸೆ ಹಚ್ಚಿ, ಹೆಸರು ಉದ್ದು ಹೂಬಿಡುವ ಹೊತ್ತಿಗೆ ಮೂರು ವಾರ ಮಾಯವಾಗಿ, ರಾಶಿಯ ಹೊತ್ತಿಗೆ ಹೊಲ ತೊಳೆದುಕೊಂಡು ಹೋಗುವುದೂ ಅದೇ ಮಳೆ. ಕಮಲಾಪುರದ ಕೆಂಪು ಬಾಳೆಗೆ ಬಾವಿಯ ನೀರಿನ ಆಸರೆಯಾದರೂ ಉಂಟು. ಪಕ್ಕದ ಹೊಲದ ತೊಗರಿಗೆ ಆಕಾಶವೇ ಗತಿ. ಆ ಆಕಾಶದಿಂದ ನಾಲ್ಕು ಹನಿ ಹೆಚ್ಚು ಇಳಿಸುತ್ತೇನೆಂದು ಯಾರಾದರೂ ಹೇಳಿದರೆ ನಮ್ಮ ಮಂದಿ ಬಾಯಿಬಿಟ್ಟು ನೋಡುವುದು ಸಹಜ. ಸಹಜವಾದ ಆ ಆಸೆಯನ್ನು ಯಾರೂ ಅಗ್ಗಕ್ಕೆ ಕೊಳ್ಳಬಾರದು ಎಂಬುದೇ ನನ್ನ ತಕರಾರು.

ಮೋಡ ಬಿತ್ತನೆಯೇ ಸುಳ್ಳು ಎಂದು ನಾನು ವಾದಿಸುತ್ತಿಲ್ಲ. ಅದರ ಮೂಲದಲ್ಲಿರುವ ಭೌತಶಾಸ್ತ್ರ ಗಟ್ಟಿಯಾದುದು. ಮೋಡದೊಳಗಿನ ಹನಿ ತೀರ ಸಣ್ಣದು. ಅಂತಹ ಹತ್ತು ಲಕ್ಷ ಹನಿಗಳು ಕೂಡಿದರೆ ನೆಲಕ್ಕೆ ಬೀಳುವ ಒಂದು ಮಳೆಹನಿಯಾಗುತ್ತದೆ. ಹನಿಗಳು ಎಲ್ಲವೂ ಒಂದೇ ಸಮನಾಗಿ ಸಣ್ಣವಿದ್ದರೆ ಒಂದನ್ನೊಂದು ಕೂಡುವುದಿಲ್ಲ. ಮೋಡ ತೇಲಿಕೊಂಡು ಹೋಗಿಬಿಡುತ್ತದೆ. ನಡುವೆ ಕೆಲವು ದಪ್ಪ ಹನಿಗಳು ಹುಟ್ಟಿದರೆ ಅವು ಬೀಳುತ್ತ ಬೀಳುತ್ತ ಸಣ್ಣವನ್ನು ನುಂಗಿ ಬೆಳೆಯುತ್ತವೆ. ಉಪ್ಪಿನ ಕಣಗಳನ್ನು ಮೋಡದ ಬುಡದಲ್ಲಿ ಬಿಡುವುದು ಈ ದಪ್ಪ ಹನಿಗಳಿಗಾಗಿ. ಎತ್ತರದ ತಣ್ಣನೆಯ ಮೋಡಗಳಲ್ಲಿ ದಾರಿ ಬೇರೆ: ಅಲ್ಲಿ ನೀರು ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಹೆಪ್ಪುಗಟ್ಟದೆ ಉಳಿದಿರುತ್ತದೆ, ಅದನ್ನು ಹಿಮವಾಗಿಸಲು ಬೆಳ್ಳಿಯ ಅಯೊಡೈಡನ್ನು ಬಳಸುತ್ತಾರೆ. 1946ರಲ್ಲಿ ಅಮೆರಿಕದಲ್ಲಿ ಶೇಫರ್ ಮತ್ತು ವಾನೆಗಟ್ ಎಂಬ ಇಬ್ಬರು ವಿಜ್ಞಾನಿಗಳು ಈ ಎರಡನೆಯ ದಾರಿಯನ್ನು ತೆರೆದರು. ಇಷ್ಟರಲ್ಲಿ ಯಾರಿಗೂ ಜಗಳವಿಲ್ಲ. ಮೋಡದೊಳಗೆ ಏನೋ ಬದಲಾಯಿತು ಎಂಬುದರಿಂದ ಹೊಲದಲ್ಲಿ ಮಳೆ ಹೆಚ್ಚಾಯಿತು ಎಂಬಲ್ಲಿಗೆ ಒಂದೇ ನೆಗೆತದಲ್ಲಿ ಹಾರುವಾಗ ಜಗಳ ಹುಟ್ಟುತ್ತದೆ.

ನಮ್ಮ ರಾಜ್ಯ ಈ ನೆಗೆತವನ್ನು ಮೂರು ಸಲ ಹಾರಿದೆ. 2003ರಲ್ಲಿ ‘ವರುಣ’ ಎಂಬ ಹೆಸರಿನಲ್ಲಿ. 2017ರಲ್ಲಿ ‘ವರ್ಷಧಾರೆ’ ಎಂಬ ಹೆಸರಿನಲ್ಲಿ. 2019ರಲ್ಲಿ ಮತ್ತೆ ಅದೇ ಹೆಸರಿನಲ್ಲಿ. 2017ರ ಯೋಜನೆಗೆ 35 ಕೋಟಿ ರೂಪಾಯಿಯ ಆಸುಪಾಸು ಖರ್ಚಾಯಿತು. 2019ರಲ್ಲಿ ಎರಡು ವರ್ಷಕ್ಕೆಂದು ಸುಮಾರು 90 ಕೋಟಿಯ ಯೋಜನೆ ಹಾಕಿದರು. 2017ರಲ್ಲಿ ಬೆಂಗಳೂರು, ಗದಗ ಮತ್ತು ನಮ್ಮ ನೆರೆಯ ಸುರಪುರದಲ್ಲಿ ರಾಡಾರು ನಿಲ್ಲಿಸಿದ್ದರು. ಋತು ಮುಗಿದ ಮೇಲೆ ಮೌಲ್ಯಮಾಪನದ ವರದಿ ಬಂತು: ಮಳೆ ಶೇಕಡಾ 27.9ರಷ್ಟು ಹೆಚ್ಚಾಯಿತಂತೆ. ಆ ದಶಾಂಶ ಬಿಂದುವನ್ನು ಕಂಡು ನನಗೆ ಬೆರಗಾಯಿತು. ಹೆಚ್ಚಾಯಿತು ಎಂದರೆ ಯಾವುದಕ್ಕಿಂತ? ಬಿತ್ತದಿದ್ದರೆ ಎಷ್ಟು ಬೀಳುತ್ತಿತ್ತೋ ಅದಕ್ಕಿಂತ ಎಂದು ತಾನೆ ಉತ್ತರ? ಬಿತ್ತದಿದ್ದರೆ ಎಷ್ಟು ಬೀಳುತ್ತಿತ್ತೆಂದು ತಿಳಿಯಬೇಕಾದರೆ, ಬಿತ್ತಲು ಯೋಗ್ಯವಾಗಿದ್ದೂ ಚೀಟಿ ಎತ್ತಿ ಬಿತ್ತದೆ ಬಿಟ್ಟ ಮೋಡಗಳು ಬೇಕು. ಅದು ಕಾರ್ಯಾಚರಣೆ, ಅಂತಹ ಚೀಟಿ ಅಲ್ಲಿರಲಿಲ್ಲ. ಅಡಿಪಾಯವಿಲ್ಲದ ಮನೆಗೆ ಕಳಶವಿಟ್ಟಂತೆ ಆ ದಶಾಂಶ ಹೊಳೆಯುತ್ತಿದೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಎಂಬ ಗಾದೆ ನಮ್ಮಲ್ಲಿ ಹಸುಗೂಸಿಗೂ ಗೊತ್ತು. 2017ರ ಬಿತ್ತನೆಯ ವಿಮಾನ ಜಕ್ಕೂರಿನಿಂದ ಏರಿದ್ದು ಆಗಸ್ಟ್ 21ರಂದು. ಅದಕ್ಕೆ ಒಂದು ವಾರ ಮುಂಚೆಯೇ, ಆಗಸ್ಟ್ 15ರ ಬೆಳಗಿನ ಜಾವ, ಬೆಂಗಳೂರು ಮಳೆಯಲ್ಲಿ ಮುಳುಗಿತ್ತು. ಆ ವರ್ಷ ರಾಜಧಾನಿಯಲ್ಲಿ ಸುಮಾರು 1,700 ಮಿಲಿಮೀಟರು ಬಿದ್ದು ಹಳೆಯ ದಾಖಲೆ ಮುರಿಯಿತು. ವಾತಾವರಣವೇ ಹೊರಳಿ ಮಳೆಗೆ ನಿಂತ ವರ್ಷದಲ್ಲಿ ವಿಮಾನ ಹಾರಿಸಿದವನು ಆ ಮಳೆಗೆ ತಾನೇ ಕಾರಣ ಎಂದರೆ, ಉಗಾದಿಯ ದಿನ ಬೇವಿಗೆ ನೀರು ಹಾಕಿ ಚಿಗುರನ್ನು ತೋರಿಸಿದಂತೆ. ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಉಂಟು. ಬರ ವಿಪರೀತವಾದಾಗಲೇ ನಾವು ಮೋಡಕ್ಕೆ ಬಿತ್ತಲು ಹೊರಡುತ್ತೇವೆ. ವಿಪರೀತ ಎಂದೂ ಬಹಳ ದಿನ ನಿಲ್ಲುವುದಿಲ್ಲ. ಜ್ವರ ನೆತ್ತಿಗೇರಿದ ರಾತ್ರಿ ಕಟ್ಟಿದ ತಾಯಿತಕ್ಕೆ ಬೆಳಗ್ಗೆ ಇಳಿದ ಜ್ವರದ ಪುಣ್ಯ ಬರುವುದು ಹೀಗೆಯೇ.

ಈ ಬಲೆಗೆ ಬೀಳುವವರು ನಾವು ಮಾತ್ರವೇ ಅಲ್ಲ. ಅಮೆರಿಕದವರು 1962ರಿಂದ 1983ರ ತನಕ ‘ಸ್ಟಾರ್ಮ್‌ಫ್ಯೂರಿ’ ಎಂಬ ಯೋಜನೆಯಡಿ ಚಂಡಮಾರುತಗಳಿಗೆ ಬೆಳ್ಳಿಯ ಅಯೊಡೈಡು ಬಿತ್ತಿದರು. ಕೆಲವು ಮಾರುತಗಳ ಗಾಳಿ ಬಿತ್ತಿದ ಮೇಲೆ ಸೊರಗಿತು, ಸಂಭ್ರಮವೂ ಆಯಿತು. ಆಮೇಲೆ, ಬಿತ್ತದೆ ಬಿಟ್ಟ ಮಾರುತಗಳನ್ನು ಕೂತು ಗಮನಿಸಿದಾಗ ಅವೂ ತಮ್ಮಷ್ಟಕ್ಕೆ ತಾವೇ ಹಾಗೆ ಸೊರಗುವುದು ಕಂಡಿತು. ಯೋಜನೆಯನ್ನು ಮುಚ್ಚಿದರು. ಮುಚ್ಚುವ ಧೈರ್ಯ ಅವರಿಗೆ ಎಲ್ಲಿಂದ ಬಂತು? ಬಿತ್ತದ ಮಾರುತಗಳನ್ನೂ ನೋಡಿದ್ದರಿಂದ ಬಂತು.

ಇದನ್ನು ನಮ್ಮ ಕಮಲಾಪುರದ ಹುಡುಗನೊಬ್ಬ, ದೂರದ ನೆಂಟ, ನನಗಿಂತ ಚೆನ್ನಾಗಿ ಹೇಳಿದ. “ಕಾಕಾ, ಮ್ವಾಡ ಬಿತ್ತಿ ಮಳಿ ತರಿಸ್ಯಾರಂತ ಪೇಪರಿನ್ಯಾಗ ಬಂದದ. ಯಾರ ಹೊಲ್ದಾಗ ಬಿತ್ತು, ಯಾರ ಹೊಲ್ದಾಗ ಬೀಳಲಿಲ್ಲ, ಅದನ್ನ ಬರ್ದಿಲ್ಲ ನೋಡ್ರಿ” ಎಂದ. ಸಂಖ್ಯಾಶಾಸ್ತ್ರದ ತಿರುಳೆಲ್ಲ ಈ ಮಾತಿನಲ್ಲಿದೆ. ರಸ್ತೆಯ ಈಚೆ ಬಿದ್ದ ಮಳೆ ಆಚೆ ಬೀಳದಿರುವುದನ್ನು ದಿನವೂ ನೋಡುವ ರೈತನಿಗೆ, ಸರಾಸರಿಯೊಂದನ್ನು ತೋರಿಸಿ ತೃಪ್ತನಾಗು ಎನ್ನುವುದು ಸುಲಭವಲ್ಲ.

ಹೊಲದಲ್ಲಿ ಪ್ರಯೋಗ ಮಾಡುವುದು ಹೇಗೆಂಬುದನ್ನು ಲೋಕಕ್ಕೆ ಕಲಿಸಿದ್ದು ಕೃಷಿಯೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಆರ್. ಎ. ಫಿಶರ್ ಗೊಬ್ಬರದ ಪರೀಕ್ಷೆಗಳನ್ನು ನೋಡುತ್ತಿದ್ದರು. ಒಂದೇ ಹೊಲದ ಒಂದು ಮೂಲೆ ಫಲವತ್ತು, ಇನ್ನೊಂದು ಮೂಲೆ ಬರಡು. ಗೊಬ್ಬರವನ್ನು ನಮ್ಮ ಮನಸ್ಸಿಗೆ ತೋಚಿದ ತುಂಡಿಗೆ ಹಾಕಿದರೆ ಗೊಬ್ಬರದ ಗುಣ ಯಾವುದು, ನೆಲದ ಗುಣ ಯಾವುದು ಎಂದು ತಿಳಿಯುವುದಿಲ್ಲ. ಆದುದರಿಂದ ಯಾವ ತುಂಡಿಗೆ ಹಾಕಬೇಕು, ಯಾವುದಕ್ಕೆ ಬಿಡಬೇಕು ಎಂಬುದನ್ನು ಚೀಟಿ ಎತ್ತಿ ನಿಶ್ಚಯಿಸಿ ಎಂದರು ಫಿಶರ್. 1935ರಲ್ಲಿ ಅವರು ಇದರ ಮೇಲೆ ಬರೆದ ಗ್ರಂಥ ಇಂದಿಗೂ ಈ ಶಾಸ್ತ್ರದ ತಾಯಿಬೇರು. ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ನೆಟ್ಟು ಬೆಳೆಸಿದ ಪ್ರಶಾಂತಚಂದ್ರ ಮಹಾಲನೋಬಿಸರು, 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟುವ ಮುನ್ನ, ಕಲ್ಕತ್ತೆಯ ಆಲಿಪುರದ ಹವಾಮಾನ ವೀಕ್ಷಣಾಲಯವನ್ನು ನೋಡಿಕೊಳ್ಳುತ್ತಿದ್ದವರು. ಮಳೆಯ ಲೆಕ್ಕವೂ ಪ್ರಯೋಗದ ಲೆಕ್ಕವೂ ನಮ್ಮ ನೆಲದಲ್ಲಿ ಒಂದೇ ಮನೆಯಲ್ಲಿ ಬೆಳೆದ ಮಕ್ಕಳು. ಅವುಗಳನ್ನು ಇಂದು ಬೇರೆ ಮಾಡಿದವರು ನಾವು.

ಮೋಡದ ವಿಷಯದಲ್ಲಿ ಇದನ್ನು ಮಾಡಲಾಗದು ಎಂದು ಯಾರೂ ಹೇಳುವಂತಿಲ್ಲ. ನಮ್ಮ ದಖ್ಖನಿನಲ್ಲೇ ಮಾಡಿದ್ದಾರೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು 1973ರಿಂದ 1986ರ ನಡುವೆ ಹನ್ನೊಂದು ಮಳೆಗಾಲ ಮಹಾರಾಷ್ಟ್ರದ ಬಾರಾಮತಿಯ ಕಡೆ ಉಪ್ಪು ಬಿತ್ತಿದರು. ಎರಡು ಪ್ರದೇಶ, ನಡುವೆ ಯಾವುದಕ್ಕೂ ಸೇರದ ಒಂದು ಪಟ್ಟಿ. ಇಂದು ಯಾವ ಪ್ರದೇಶಕ್ಕೆ ಬಿತ್ತಬೇಕೆಂಬುದನ್ನು ಚೀಟಿ ಹೇಳುತ್ತಿತ್ತು. ಇನ್ನೊಂದು ಆ ದಿನ ಅದಕ್ಕೆ ಸಾಕ್ಷಿ. ಶೇಕಡಾ 24ರಷ್ಟು ಹೆಚ್ಚಳ ಕಂಡಿತು. ಹನ್ನೊಂದು ಮಳೆಗಾಲ ಎಂಬುದನ್ನು ಗಮನಿಸಬೇಕು. ಒಂದು ಋತುವಿನಲ್ಲಿ ಉತ್ತರ ತರುತ್ತೇನೆ ಎನ್ನುವವನಿಗೆ ಮಳೆಯ ಚಂಚಲತೆ ಗೊತ್ತಿಲ್ಲ, ಇಲ್ಲವೆ ಕೇಳುವವನಿಗೆ ಗೊತ್ತಿಲ್ಲವೆಂಬ ಧೈರ್ಯ ಅವನಿಗಿದೆ.

ಇನ್ನೂ ಹತ್ತಿರಕ್ಕೆ ಬನ್ನಿ. ಕಲಬುರಗಿಯಿಂದ ರೈಲು ಹತ್ತಿದರೆ ಎರಡು ಗಂಟೆಯ ಆಸುಪಾಸಿನಲ್ಲಿ ಸೊಲ್ಲಾಪುರ. 2018 ಮತ್ತು 2019ರ ಮಳೆಗಾಲಗಳಲ್ಲಿ ಅದೇ ಪುಣೆಯ ಸಂಸ್ಥೆ ಅಲ್ಲಿ ಎರಡು ವಿಮಾನಗಳನ್ನು ಇಟ್ಟುಕೊಂಡು ‘ಕೈಪೀಕ್ಸ್’ ಎಂಬ ಪ್ರಯೋಗದ ನಾಲ್ಕನೆಯ ಹಂತ ನಡೆಸಿತು. 276 ಮೋಡಗಳನ್ನು ಆರಿಸಿದರು. ಯಾವುದಕ್ಕೆ ಬಿತ್ತಬೇಕು, ಯಾವುದಕ್ಕೆ ಬಿಡಬೇಕು ಎಂಬುದು ಪೈಲಟ್ಟಿನ ಉಮೇದಿಗೆ ಬಿಟ್ಟ ಮಾತಾಗಿರಲಿಲ್ಲ. ಕೆಳಗೆ ರಾಡಾರು ಮತ್ತು ಮಳೆಮಾಪಕಗಳ ಜಾಲವಿತ್ತು. 2023ರಲ್ಲಿ ಅಚ್ಚಾದ ಫಲಿತಾಂಶದ ಪ್ರಕಾರ, ಬಿತ್ತಿದ ಜಾಗದಿಂದ ಗಾಳಿ ಹೋಗುವ ದಿಕ್ಕಿನಲ್ಲಿ 100 ಚದರ ಕಿಲೋಮೀಟರಿನಷ್ಟು ನೆಲದ ಮೇಲೆ ಸರಾಸರಿ ಶೇಕಡಾ 18ರ ಹೆಚ್ಚಳ; ಕೆಲವೆಡೆ 46ರ ತನಕ. ಜೊತೆಗೆ, ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಅಂಕಿಯನ್ನೂ ಮುಚ್ಚಿಡದೆ ಕೊಟ್ಟರು. ಈ 18ನ್ನು ನಾನು ಗೌರವಿಸುತ್ತೇನೆ, ಆ 27.9ನ್ನು ಗೌರವಿಸಲಾರೆ. ಚಿಕ್ಕ ಅಂಕಿ ದೊಡ್ಡದಕ್ಕಿಂತ ಹೆಚ್ಚು ತೂಗುವುದು ಹೀಗೆ. 2019ರಲ್ಲಿ ಗಡಿಯ ಆಚೆ ಪ್ರಯೋಗ ನಡೆಯುತ್ತಿದ್ದಾಗ ಈಚೆ ನಾವು ಟೆಂಡರು ಕರೆದು ಕಾರ್ಯಾಚರಣೆ ನಡೆಸಿದೆವು. ಅದೇ ಮುಂಗಾರು, ಅದೇ ಕರಿನೆಲ. ಅವರು ಪಾಠ ಕಲಿತರು, ನಾವು ಬಿಲ್ಲು ಪಾವತಿ ಮಾಡಿದೆವು.

ಇಷ್ಟು ಹೇಳಿದರೆ ಎದ್ದು ಬರುವ ಮೊದಲ ಆಕ್ಷೇಪಣೆ ಕರುಣೆಯದು. “ಬೆಳೆ ಒಣಗುತ್ತಿರುವಾಗ ಅರ್ಧ ಮೋಡಗಳನ್ನು ಬಿತ್ತದೆ ಬಿಡುವುದು ಕ್ರೌರ್ಯವಲ್ಲವೇ?” ಬಿತ್ತಿದರೆ ಮಳೆ ಖಂಡಿತ ಎಂದು ಗೊತ್ತಿದ್ದರೆ ಕ್ರೌರ್ಯವೇ ಸರಿ. ಗೊತ್ತಿಲ್ಲದಿರುವುದರಿಂದಲೇ ಪ್ರಯೋಗ ಬೇಕಾಗಿದೆ. 1968ರಲ್ಲಿ ತಮಿಳುನಾಡಿನ ಚೆಂಗಲ್‌ಪಟ್ಟಿನಲ್ಲಿ ಎರಡೂವರೆ ಲಕ್ಷಕ್ಕೂ ಮೀರಿದ ಜನರ ಮೇಲೆ ಬಿ.ಸಿ.ಜಿ. ಲಸಿಕೆಯ ಪರೀಕ್ಷೆ ಆರಂಭವಾಯಿತು. ಕೆಲವರಿಗೆ ಲಸಿಕೆ, ಕೆಲವರಿಗೆ ಬರಿಯ ದ್ರವ. ಆಗಲೂ ಕ್ರೌರ್ಯದ ಮಾತು ಏಳಬಹುದಿತ್ತು. ವರ್ಷಗಳ ಮೇಲೆ ಕಂಡದ್ದೇನು? ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಆ ಲಸಿಕೆ ಅಲ್ಲಿ ರಕ್ಷಣೆ ಕೊಡಲಿಲ್ಲ. ಮಕ್ಕಳನ್ನು ಕ್ಷಯದ ಉಗ್ರ ರೂಪಗಳಿಂದ ಕಾಯುತ್ತದೆಂದು ಎಳೆಯರಿಗೆ ಅದನ್ನು ಈಗಲೂ ಹಾಕುತ್ತಾರೆ. ಆದರೆ ಯಾರಿಗೆ ಎಷ್ಟು ಉಪಯೋಗ ಎಂಬ ತಿಳಿವಳಿಕೆ ಬಂದದ್ದು ಆ ಪರೀಕ್ಷೆಯಂಥವುಗಳಿಂದ. ಮನುಷ್ಯರ ಪ್ರಾಣದ ವಿಷಯದಲ್ಲಿ ತಾಳಿದ ನಾವು ಮೋಡದ ವಿಷಯದಲ್ಲಿ ತಾಳಲಾರೆವೇ?

ಎರಡನೆಯ ಆಕ್ಷೇಪಣೆ ಆತುರದ್ದು. “ಬರ ಬಂದಿದೆ, ಈಗ ಪರೀಕ್ಷೆಗೆ ಪುರಸತ್ತಿಲ್ಲ.” ಬಿತ್ತನೆಗೆ ಮೋಡ ಬೇಕು, ಬರಗಾಲದಲ್ಲಿ ಮೊದಲು ಕೈಕೊಡುವುದು ಮೋಡವೇ. ಬಿಳಿಯ ಆಕಾಶಕ್ಕೆ ಉಪ್ಪು ಎರಚಿದರೆ ಆಕಾಶಕ್ಕೆ ರುಚಿ ಬಂದೀತೇ ಹೊರತು ಮಳೆ ಬಾರದು. ಜುಲೈಯಲ್ಲಿ ಗಾಬರಿ, ಆಗಸ್ಟಿನಲ್ಲಿ ಟೆಂಡರು, ಸೆಪ್ಟೆಂಬರಿನಲ್ಲಿ ವಿಮಾನ ಎಂಬ ಕ್ರಮದಲ್ಲಿ ನಡೆಯುವ ಕೆಲಸಕ್ಕೆ ಯೋಜನೆ ಎಂಬ ಹೆಸರೇ ಹೆಚ್ಚು. ಪ್ರಯೋಗವನ್ನು ಒಳ್ಳೆಯ ವರ್ಷಗಳಲ್ಲೂ ನಡೆಸಬೇಕು. ಮೋಡ ಧಾರಾಳವಾಗಿ ಸಿಗುವುದು ಆಗಲೇ.

ಮೂರನೆಯವರು ತಿರಸ್ಕಾರದವರು. “ಇದೆಲ್ಲ ದುಡ್ಡು ಹೊಡೆಯುವ ದಂಧೆ, ನಿಲ್ಲಿಸಿಬಿಡಿ” ಎನ್ನುತ್ತಾರೆ. ಇವರ ಸಿಟ್ಟು ಅರ್ಥವಾಗುತ್ತದೆ. ಆದರೆ ಇವರೂ ನೋಡದೆ ನಂಬಿದವರೇ. ಇಸ್ರೇಲಿನಲ್ಲಿ 1960ರ ದಶಕದಿಂದ ಮೋಡ ಬಿತ್ತನೆಗೆ ಬಹಳ ಕೀರ್ತಿಯಿತ್ತು. ಅನುಮಾನ ಬಂದಾಗ ಅವರು 2013ರಿಂದ 2020ರ ತನಕ ಚೀಟಿ ಎತ್ತುವ ಹೊಸ ಪ್ರಯೋಗ ನಡೆಸಿದರು. ಹೆಚ್ಚಳ ಶೇಕಡಾ 2ನ್ನೂ ಮುಟ್ಟಲಿಲ್ಲ. ಅಷ್ಟು ಅಕಸ್ಮಾತ್ತಾಗಿಯೂ ಆಗಬಹುದು. ಬಿತ್ತನೆಯನ್ನು ಕೈಬಿಟ್ಟರು. ನಿಲ್ಲಿಸಬೇಕಾದರೆ ಹಾಗೆ ನಿಲ್ಲಿಸಬೇಕು.

ಹಾಗಾದರೆ ನಮ್ಮಲ್ಲಿ ಏನು ಮಾಡಬೇಕು? ಉದಾಹರಣೆಗೆ ನಮ್ಮ ಊರನ್ನೇ ತೆಗೆದುಕೊಳ್ಳೋಣ. ಕಲಬುರಗಿಯ ಮೇಲೆ ಬಿತ್ತಿ, ಕಮಲಾಪುರವನ್ನು ಬಿತ್ತದ ಪ್ರದೇಶವೆಂದು ಹೋಲಿಸಿದರೆ ಸಾಲದೇ ಎಂದು ಯಾವನಾದರೂ ಕಾಗದದ ಮೇಲೆ ಗೆರೆ ಎಳೆದಾನು. ಸಾಲದು. ಹುಮನಾಬಾದ ರಸ್ತೆಯಲ್ಲಿ ಕಮಲಾಪುರ ಇರುವುದು ಕಲಬುರಗಿಯ ಈಶಾನ್ಯಕ್ಕೆ, ಮೂವತ್ತು ನಲವತ್ತು ಕಿಲೋಮೀಟರು ದೂರದಲ್ಲಿ. ಮುಂಗಾರಿನ ಗಾಳಿ ಪಶ್ಚಿಮ ನೈಋತ್ಯದಿಂದ ಬೀಸುತ್ತದೆ. ಸೆಕೆಂಡಿಗೆ ಹತ್ತು ಮೀಟರಿನ ಗಾಳಿಯಿದ್ದರೆ ಇಲ್ಲಿ ಬಿತ್ತಿದ ಮೋಡ ಒಂದು ಗಂಟೆಯಲ್ಲಿ ಕಮಲಾಪುರದ ಬಾಳೆತೋಟದ ಮೇಲಿರುತ್ತದೆ. ಸಾಕ್ಷಿ ಎಂದು ಕರೆತಂದವನೇ ಫಲಾನುಭವಿಯಾದರೆ ನ್ಯಾಯ ಎಲ್ಲಿ ಬಂತು? ಆದುದರಿಂದ ಪ್ರದೇಶಗಳನ್ನು ಗಾಳಿಗೆ ಅಡ್ಡಲಾಗಿ ಆರಿಸಬೇಕು. ನಡುವೆ ಸಾಕಷ್ಟು ಅಗಲದ ಪಟ್ಟಿ ಬಿಡಬೇಕು. ಇದನ್ನು ಮೊದಲೇ ಯೋಚಿಸದೆ ವಿಮಾನ ಏರಿದವನು ಇಳಿದ ಮೇಲೆ ಎಷ್ಟು ಗಣಿತ ಮಾಡಿದರೂ ಫಲವಿಲ್ಲ.

ನೆಲದ ಮೇಲಿನ ಅಳತೆಗೆ ನಾವು ಬಡವರಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗೆ ಒಂದರಂತೆ ಆರು ಸಾವಿರಕ್ಕೂ ಮೀರಿ ಮಳೆಮಾಪಕಗಳನ್ನು ಇಟ್ಟಿದ್ದಾರೆ. ಅವು ತಾವಾಗಿಯೇ ಅಂಕಿ ಕಳಿಸುತ್ತವೆ. ಇಂತಹ ಜಾಲ ದೇಶದಲ್ಲಿ ಅಪರೂಪ. ಆದರೆ ಮಾಪಕ ಇದ್ದರೆ ಸಾಲದು. ಅಕ್ಕಪಕ್ಕದ ಗೋಡೆಗೂ ಗಿಡಕ್ಕೂ ಅವುಗಳ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು, ಬಾಯಿಗೆ ಎಲೆ ಕಸ ತುಂಬಿರಬಾರದು. ಬೇವಿನ ಗಿಡದ ಬುಡದ ಮಾಪಕ ಗಿಡದ ಕಥೆ ಹೇಳುತ್ತದೆ, ಮೋಡದ್ದಲ್ಲ. ಅಂಕಿ ಕೂಡಿಸುವವರಿಗೆ ಆ ದಿನ ಯಾವ ಪ್ರದೇಶಕ್ಕೆ ಬಿತ್ತಿದರೆಂಬುದು ಗೊತ್ತಿರಬಾರದು. ಚೀಟಿಯ ಲಕೋಟೆಗಳನ್ನು ಋತುವಿಗೆ ಮೊದಲೇ ಮುದ್ರೆ ಹಾಕಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೋ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿಯೋ ಇಡಬಹುದು. ವಿಮಾನ ಹಾರಿಸಿ ಹಣ ಪಡೆಯುವವನು ಬೇರೆ, ಫಲ ಅಳೆಯುವವನು ಬೇರೆ ಇರಬೇಕು. ತಕ್ಕಡಿ ಹಿಡಿದವನೇ ಮಾರುವವನಾದರೆ ಗಂಜಿನಲ್ಲಿ ಏನಾಗುತ್ತದೆಂದು ತೊಗರಿ ಬೆಳೆಯುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಯಾವಾಗ ಬಿತ್ತಬಾರದು ಎಂಬುದನ್ನೂ ಬರೆದಿಡಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ನಮ್ಮ ಜಿಲ್ಲೆಯ ಹಳ್ಳಿಗಳನ್ನು ಮುಳುಗಿಸಿತು. 2022ರ ಹಂಗಾಮಿನಲ್ಲಿ ಅತಿವೃಷ್ಟಿಯ ಹಿಂದೆಯೇ ನೆಟೆರೋಗ ಬಂದು ನಿಂತ ತೊಗರಿ ನಿಂತಲ್ಲೇ ಒಣಗಿತು. ಮಳೆ ಎಂದರೆ ಯಾವಾಗಲೂ ವರವೇ ಎಂದು ಬೆಂಗಳೂರಿನಲ್ಲಿ ಕುಳಿತವರು ತಿಳಿದಿರಬಹುದು. ತೇವ ಹೆಚ್ಚಾದ ಕರಿನೆಲದಲ್ಲಿ ಕಾಲು ಹೂತವನು ಹಾಗೆ ತಿಳಿಯಲಾರ. ನೆಲ ನೆನೆದಿರುವಾಗ, ನದಿ ತುಂಬಿರುವಾಗ ವಿಮಾನ ಏರಬಾರದೆಂಬ ನಿಯಮ ಲಿಖಿತವಾಗಿಲ್ಲದಿದ್ದರೆ, ನಾಳೆ ಯಾರದೋ ಬೆಳೆ ಹೋದಾಗ ಉತ್ತರ ಕೊಡುವವರು ಇರುವುದಿಲ್ಲ.

ನಾನು ಕೇಳುವುದು ಇಷ್ಟೇ. ಮುಂದಿನ ಸಲ ಮೋಡಕ್ಕೆ ಬಿತ್ತಲು ಸರಕಾರದ ಬೊಕ್ಕಸದಿಂದ ಒಂದು ರೂಪಾಯಿ ಹೋಗುವುದಾದರೂ, ಪ್ರಶ್ನೆ ಏನು, ಎಲ್ಲಿ ಅಳೆಯುತ್ತೀರಿ, ಎಷ್ಟು ವರ್ಷ ನಡೆಸುತ್ತೀರಿ, ಏನು ಕಂಡರೆ ಸೋತೆವೆಂದು ಒಪ್ಪುತ್ತೀರಿ ಎಂಬುದನ್ನು ಮಿರಗದ ಮಳೆಗೆ ಮುಂಚೆ ಕನ್ನಡದಲ್ಲಿ ಅಚ್ಚುಮಾಡಿ ಪಂಚಾಯತಿಯ ಗೋಡೆಗೆ ಅಂಟಿಸಿ. ಸುಗ್ಗಿ ಮುಗಿದ ಮೇಲೆ ಬಂದ ಅಂಕಿಗಳನ್ನು, ಒಳ್ಳೆಯವಿರಲಿ ಕೆಟ್ಟವಿರಲಿ, ಅದೇ ಗೋಡೆಗೆ ಅಂಟಿಸಿ. ಇದಕ್ಕೆ ಒಪ್ಪದವರು ವಿಮಾನದ ಬಾಡಿಗೆಯ ಹಣದಲ್ಲಿ ಕೃಷಿ ಹೊಂಡಗಳನ್ನು ತೋಡಿಸಲಿ. ಬಿದ್ದ ಮಳೆಯನ್ನು ಹಿಡಿದಿಡುವ ಹೊಂಡದ ಲಾಭ ಲೆಕ್ಕ ಹಾಕಲು ಯಾವ ಸಮಿತಿಯೂ ಬೇಕಾಗಿಲ್ಲ. ದಂಡೆಯ ಮೇಲೆ ನಿಂತು ಬಗ್ಗಿ ನೋಡಿದರೆ ಸಾಕು.